ದೇವರಿಗೆ ಮೊದಲೇ ಗೊತ್ತಿದ್ದರೆ ನಾನು ಯಾಕೆ ಓದಬೇಕು?

ನಿಮ್ಮ ಪ್ರಶ್ನೆ ಇಷ್ಟು: ದೇವರಿಗೆ ಎಲ್ಲಾ ಗೊತ್ತು ಅಂದಮೇಲೆ ನಿಮ್ಮ ಪರೀಕ್ಷೆಯ ರಿಸಲ್ಟೂ ಈಗಲೇ ಗೊತ್ತಿರಬೇಕು. ಅವನಿಗೆ ಗೊತ್ತಿರುವುದು ತಪ್ಪಾಗುವ ಹಾಗಿಲ್ಲ. ಹಾಗಾದರೆ ಓದಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಅಲ್ವಾ? ಜೊತೆಗೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ: "ನಮ್ಮಪ್ಪ ಎಲ್ಲಾ ದೇವರ ಇಚ್ಛೆ ಅಂತಾರೆ, ಮರುಕ್ಷಣವೇ ಮೊಬೈಲ್ ಇಟ್ಟು ಓದು ಅಂತ ಬೈತಾರೆ." ನನಗೆ ಪ್ರಶ್ನೆಗಿಂತ ಈ ಸಾಲೇ ಜಾಸ್ತಿ ಹಿಡಿಸಿತು.

ನಿಮ್ಮಪ್ಪ ಒಬ್ಬರೇ ಅಲ್ಲ. ಗೀತೆಯ ಕೊನೆಯ ಅಧ್ಯಾಯ ತೆಗೆದು ನೋಡಿ. 61ನೇ ಶ್ಲೋಕದಲ್ಲಿ ಕೃಷ್ಣ, ಈಶ್ವರ ಎಲ್ಲರ ಎದೆಯಲ್ಲೂ ಕೂತಿದ್ದಾನೆ, ಯಂತ್ರಕ್ಕೆ ಏರಿಸಿದ ಹಾಗೆ ಎಲ್ಲರನ್ನೂ ತಿರುಗಿಸುತ್ತಿದ್ದಾನೆ ಅನ್ನುತ್ತಾನೆ. 63ಕ್ಕೆ ಬಂದರೆ ಮಾತೇ ಬೇರೆ. ಹೇಳುವುದನ್ನೆಲ್ಲ ಹೇಳಿದ್ದೇನೆ, ಪೂರ್ತಿ ಯೋಚನೆ ಮಾಡು, ಆಮೇಲೆ ನಿನಗೆ ಹೇಗೆ ಬೇಕೋ ಹಾಗೆ ಮಾಡು. 'ಯಥೇಚ್ಛಸಿ ತಥಾ ಕುರು.' ತಿರುಗಿಸುವವನು ಅವನಾದರೆ ಅರ್ಜುನನಿಗೆ ಇಚ್ಛೆ ಎಲ್ಲಿಂದ ಬಂತು? ಅದಕ್ಕೂ ಮೊದಲು 11ನೇ ಅಧ್ಯಾಯದಲ್ಲಿ, ಇವರನ್ನೆಲ್ಲ ನಾನು ಆಗಲೇ ಕೊಂದಾಗಿದೆ, ನೀನು ನೆಪ ಮಾತ್ರ ಆಗು ಅಂದವನೂ ಅವನೇ. ಎರಡೂ ಮಾತನ್ನು ಒಂದೇ ಬಾಯಲ್ಲಿ ಹೇಳುವ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು.

ಈ ಪ್ರಶ್ನೆಗೆ ಎಲ್ಲರೂ ಥಟ್ಟನೆ ಕೊಡುವ ಉತ್ತರ ಪಂಚಾಂಗದ್ದು. ಪಂಚಾಂಗದಲ್ಲಿ ಗ್ರಹಣ ಬರೆದಿದೆ ಅಂತ ಗ್ರಹಣ ಆಗುವುದಿಲ್ಲ, ಗ್ರಹಣ ಆಗುತ್ತದೆ ಅಂತ ಪಂಚಾಂಗದಲ್ಲಿ ಬರೆದಿದ್ದಾರೆ. ಗೊತ್ತಿರುವುದು ಬೇರೆ, ಮಾಡಿಸುವುದು ಬೇರೆ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಒಂದು ನಿಮಿಷ ನಿಂತು ಯೋಚಿಸಿದರೆ ಈ ಉದಾಹರಣೆ ನಮ್ಮ ಕಾಲಿಗೇ ಸುತ್ತಿಕೊಳ್ಳುತ್ತದೆ. ಪಂಚಾಂಗದವರು ಗ್ರಹಣವನ್ನು ಮೊದಲೇ ಹೇಳಲು ಸಾಧ್ಯವಾಗುವುದು ಯಾಕೆ? ಚಂದ್ರನಿಗೆ ಬೇರೆ ದಾರಿ ಇಲ್ಲ, ಅದಕ್ಕೆ. ಇವತ್ತು ಮನಸ್ಸಿಲ್ಲ, ನಾಳೆ ಬರುತ್ತೇನೆ ಅಂತ ಚಂದ್ರ ಹೇಳುವ ಹಾಗಿದ್ದರೆ ಯಾವ ಪಂಚಾಂಗವೂ ಅಚ್ಚಾಗುತ್ತಿರಲಿಲ್ಲ. ದೇವರೂ ಹೀಗೆ ಲೆಕ್ಕ ಹಾಕಿ ನಮ್ಮ ನಾಳೆಯನ್ನು ತಿಳಿಯುವವನಾದರೆ ನಾವೂ ಚಂದ್ರನ ಜಾತಿಗೇ ಸೇರಿದವರು. ಸ್ವಾತಂತ್ರ್ಯದ ಮಾತು ಅಲ್ಲಿಗೇ ಮುಗಿಯಿತು.

ಹಾಗಾಗಿ ದೇವರ ಅರಿವು ಲೆಕ್ಕ ಹಾಕಿ ಬಂದದ್ದಲ್ಲ, ಕಂಡು ಬಂದದ್ದು ಅಂತ ಇಟ್ಟುಕೊಳ್ಳಬೇಕು. ಸುಮಾರು 1500 ವರ್ಷದ ಹಿಂದೆ ಬೊಯೀಥಿಯಸ್ ಎಂಬ ರೋಮನ್ ಪಂಡಿತ, ಮರಣದಂಡನೆಗೆ ಕಾಯುತ್ತ ಸೆರೆಯಲ್ಲಿ ಕೂತು ಇದನ್ನೇ ಯೋಚಿಸಿದ. ಒಬ್ಬ ರಸ್ತೆಯಲ್ಲಿ ನಡೆಯುತ್ತಿದ್ದಾನೆ, ಅದೇ ಹೊತ್ತಿಗೆ ಸೂರ್ಯ ಹುಟ್ಟುತ್ತಿದ್ದಾನೆ. ನೀವು ಎರಡನ್ನೂ ನೋಡುತ್ತಿದ್ದೀರಿ. ಸೂರ್ಯ ಹುಟ್ಟಲೇಬೇಕು. ಆದರೆ ಆ ಮನುಷ್ಯ ನಡೆಯಲೇಬೇಕು ಅಂತ ಏನಿಲ್ಲ. ನೀವು ನೋಡಿದ್ದರಿಂದ ಇವೆರಡರ ವ್ಯತ್ಯಾಸ ಅಳಿಸಿಹೋಗಲಿಲ್ಲ. ದೇವರಿಗೆ ನಿನ್ನೆ ನಾಳೆ ಇಲ್ಲ, ಎಲ್ಲ ಕಾಲವೂ ಅವನ ಎದುರಿಗೇ ಇದೆ. ನಾವು ಈಗಿನದನ್ನು ನೋಡುವ ಹಾಗೆ ಅವನು ಎಲ್ಲವನ್ನೂ ನೋಡುತ್ತಾನೆ. 'ಮೊದಲೇ' ಅನ್ನುವ ಮಾತು ನಮ್ಮ ಕಡೆಯದು, ಅವನ ಕಡೆಯದಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದು ಬಹಳ ಆಮೇಲೆ. ಮೊದಲು ಕೇಳಿದ್ದು ಪುತ್ತೂರಿನ ಕಡೆಯ ನಮ್ಮೂರಿನಲ್ಲಿ, ಪಕ್ಕದ ಮನೆಯ ಚಾವಡಿಯಲ್ಲಿ. ನಾನಾಗ ಏಳನೇ ಕ್ಲಾಸು. ತುಳುನಾಡಿನ ಆಟಿ ತಿಂಗಳ ಮಳೆ. ಒಂದು ತಾಳಮದ್ದಲೆ ಇಟ್ಟಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಯಕ್ಷಗಾನದ್ದೇ ಪದಗಳು, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರು ಕೂತು ಆ ಪದಕ್ಕೆ ಮಾತು ಕಟ್ಟುತ್ತಾರೆ. ಪದ ಪುಸ್ತಕದಲ್ಲಿದೆ. ಮಾತು ಯಾವ ಪುಸ್ತಕದಲ್ಲೂ ಇಲ್ಲ, ಆ ಹೊತ್ತಿಗೆ ಹುಟ್ಟಬೇಕು.

ಆವತ್ತಿನ ಪ್ರಸಂಗ ಕರ್ಣಭೇದನ. ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಹೋಗಿ, ನೀನು ಕುಂತಿಯ ಮಗ, ಬಾ ಪಾಂಡವರ ಕಡೆಗೆ ಅಂತ ಕರೆಯುತ್ತಾನಲ್ಲ, ಆ ಕಥೆ. ಕೃಷ್ಣನ ಅರ್ಥ ಒಬ್ಬ ರಿಟೈರ್ಡ್ ಮೇಷ್ಟ್ರದ್ದು. ಕರ್ಣ ನನ್ನ ಅಜ್ಜ. ಅಜ್ಜ ದೊಡ್ಡ ಅರ್ಥಧಾರಿ ಏನಲ್ಲ, ರಾತ್ರಿ ಅಡಿಕೆ ಸುಲಿಯುತ್ತ ಮಾತು ಕಲಿತವರು.

ಮೇಷ್ಟ್ರು ಆವತ್ತು ಬಿಡಲಿಲ್ಲ. ಧರ್ಮರಾಯ ನಿನಗೆ ಚಾಮರ ಬೀಸುತ್ತಾನೆ, ಭೀಮ ಕೊಡೆ ಹಿಡಿಯುತ್ತಾನೆ, ಅರ್ಜುನ ನಿನ್ನ ರಥ ಹೊಡೆಯುತ್ತಾನೆ. ಹೆತ್ತ ತಾಯಿ ಇಷ್ಟು ವರ್ಷ ಬಾಯಿ ಬಿಡದೆ ಬೆಂದಿದ್ದಾಳೆ. ಒಂದೊಂದಾಗಿ ಇಡುತ್ತ ಹೋದರು. ಅಜ್ಜನ ಮಾತು ನಿಂತೇಹೋಯಿತು. ಹಂಚಿನ ಮೇಲೆ ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಭಾಗವತರು ಕನ್ನಡಕ ಸರಿಮಾಡಿಕೊಂಡು ಮುಂದಿನ ಪದಕ್ಕೆ ಪುಟ ತಿರುಗಿಸಿದರು. ನನ್ನ ಪಕ್ಕದವರು "ಇವತ್ತು ಕರ್ಣ ಹೋಗ್ತಾನೆ ಮಾರಾಯ" ಅಂತ ಪಿಸುಗುಟ್ಟಿದರು.

ಆಗ ಅಜ್ಜ ತಲೆ ಎತ್ತಿದರು. "ಕೃಷ್ಣಾ, ನೀನು ಎಲ್ಲ ಬಲ್ಲವನು ಅನ್ನುತ್ತಾರೆ. ನಾನು ಬರುವುದಿಲ್ಲ ಅಂತ ರಥ ಹತ್ತಿಸಿಕೊಳ್ಳುವ ಮೊದಲೇ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಕರೆದೆ. ಇದನ್ನು ಪ್ರೀತಿ ಅನ್ನಲೋ, ಗೇಲಿ ಅನ್ನಲೋ?"

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗೊತ್ತಿತ್ತು ಕರ್ಣ. ಆದರೆ ನನಗೆ ಗೊತ್ತಿದ್ದದ್ದು ಏನು? ನೀನು ಕೊಡುವ ಉತ್ತರ. ನಾನು ಕೇಳದೆ, ನೀನು ಕೊಡದೆ ಹೋಗಿದ್ದರೆ ನನಗೆ ಗೊತ್ತಿರುವುದಕ್ಕೆ ಅಲ್ಲಿ ಏನಿತ್ತು?"

"ಹಾಗಾದರೆ ನಿನ್ನ ಸರ್ವಜ್ಞತ್ವದ ಹುಂಡಿಗೆ ಈ ಸೂತಪುತ್ರನೂ ಒಂದು ಕಾಸು ಹಾಕಿದ ಹಾಗಾಯಿತು" ಅಂದರು ಅಜ್ಜ. ಸಭೆ ನಕ್ಕಿತು. ಭಾಗವತರು ಪದ ಎತ್ತಿಕೊಂಡರು.

ನಿಮ್ಮ ಪ್ರಶ್ನೆಗೆ ನಾನು ಕೇಳಿದ ಅತಿ ಒಳ್ಳೆಯ ಉತ್ತರ ಮೇಷ್ಟ್ರ ಆ ಮಾತೇ. ಅರಿವು ಕೆಲಸದ ಹಿಂದೆ ಬರುತ್ತದೆ, ಮುಂದೆ ಅಲ್ಲ. ನಿನ್ನೆ ಬೆಳಿಗ್ಗೆ ನಾನು ನಾಲ್ಕು ನೀರ್ದೋಸೆ ತಿಂದದ್ದು ನನ್ನ ಹೆಂಡತಿಗೆ ಗೊತ್ತು. ಅದು ಇನ್ನು ಬದಲಾಗುವ ಹಾಗಿಲ್ಲ. ಆದರೆ ಅವಳಿಗೆ ಗೊತ್ತಿದೆ ಅಂತ ನಾನು ತಿಂದದ್ದಲ್ಲ. ಮೂರು ತಿಂದಿದ್ದರೆ ಅವಳಿಗೆ ಮೂರು ಅಂತ ಗೊತ್ತಿರುತ್ತಿತ್ತು. ದೇವರಿಗೆ ನಿಮ್ಮ ರಿಸಲ್ಟ್ ಗೊತ್ತಿದ್ದರೆ, ನೀವು ರಾತ್ರಿ ಹನ್ನೊಂದರವರೆಗೆ ಕೂತದ್ದೂ, ಕೂರದೆ ರೀಲ್ಸ್ ನೋಡಿದ್ದೂ ಸೇರಿಯೇ ಗೊತ್ತಿರುತ್ತದೆ. ಓದನ್ನು ಬಿಟ್ಟು ಬರೀ ರಿಸಲ್ಟ್ ಮಾತ್ರ ಗೊತ್ತಿರುವ ದೇವರು ಅರ್ಧ ಬಲ್ಲವನು. 'ಓದಿದರೂ ಅಷ್ಟೇ ಬಿಟ್ಟರೂ ಅಷ್ಟೇ' ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ.

ಆದರೆ ಇಲ್ಲಿಗೆ ಮುಗಿಯಿತು ಅಂತ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ನನ್ನ ಹೆಂಡತಿ ನಾನು ತಿಂದದ್ದನ್ನು ನೋಡಿದಳು, ನನ್ನನ್ನು ಹುಟ್ಟಿಸಲಿಲ್ಲ. ದೇವರು ನೋಡುವವನೂ ಹೌದು, ಮಾಡಿದವನೂ ಹೌದು ಅಂದರೆ ಕಥೆ ಬೇರೆಯೇ. ಮಡಕೆ ಎಲ್ಲಿ ಸೀಳು ಬಿಡುತ್ತದೆ ಅಂತ ಗೊತ್ತಿದ್ದೂ ಕುಂಬಾರ ಅದೇ ಮಣ್ಣಲ್ಲಿ ಅದನ್ನು ಮಾಡಿ, ಸುಟ್ಟು, ಆಮೇಲೆ ಮಡಕೆಗೆ ಬೈದರೆ? ನಿಜವಾದ ಕಗ್ಗಂಟು ಇದು. ಬೇರೆಯದೆಲ್ಲ ಮಾತಿನ ತೊಡಕು ಅಷ್ಟೇ ಅಂತ ನನ್ನ ಅಭಿಪ್ರಾಯ.

ನಮ್ಮ ವೇದಾಂತದವರು ಇದಕ್ಕೆ ಹಿಡಿದ ದಾರಿ ಏನೆಂದರೆ, ದೇವರು ಜೀವವನ್ನು ಏನೂ ಇಲ್ಲದ ಕಡೆಯಿಂದ ಹುಟ್ಟಿಸಲೇ ಇಲ್ಲ ಅನ್ನುವುದು. ಜೀವಕ್ಕೆ ಮೊದಲಿಲ್ಲ. ವೇದಾಂತದ ಮೂಲ ಗ್ರಂಥಗಳಲ್ಲಿ ಒಂದಾದ ಬ್ರಹ್ಮಸೂತ್ರದಲ್ಲಿ, ಒಬ್ಬನಿಗೆ ಸುಖ ಇನ್ನೊಬ್ಬನಿಗೆ ದುಃಖ ಕೊಟ್ಟ ದೇವರು ಪಕ್ಷಪಾತಿ ಅಲ್ಲವೇ ಎಂಬ ಪ್ರಶ್ನೆಗೆ, ಅವನು ಅವರವರ ಕರ್ಮ ನೋಡಿ ಕೊಡುತ್ತಾನೆ ಅಂತ ಉತ್ತರ ಇದೆ. ಅದಕ್ಕೆ ಶಂಕರರು ಕೊಡುವ ಉದಾಹರಣೆ ಮಳೆಯದ್ದು. ಮಳೆ ಎಲ್ಲ ಗದ್ದೆಗೂ ಒಂದೇ. ಭತ್ತ ಬರುತ್ತದೋ ಜವೆ ಬರುತ್ತದೋ ಅನ್ನುವುದು ಬೀಜದ ಮೇಲೆ. ಹಾಗಾದರೆ ಮೊದಲ ಬೀಜ ಯಾರದ್ದು ಅಂತ ಕೇಳಿದರೆ, ಮೊದಲನೆಯದು ಅಂತ ಒಂದಿಲ್ಲ ಅನ್ನುತ್ತಾರೆ. ನನಗೆ ಇದು ಹಳೇ ಸಾಲವನ್ನು ಇನ್ನೂ ಹಳೇ ಲೆಕ್ಕದ ಪುಸ್ತಕಕ್ಕೆ ದಾಟಿಸಿದ ಹಾಗೆ ಕಾಣುತ್ತದೆ. ಆದರೂ ಕುಂಬಾರನ ಮೇಲಿನ ಆರೋಪ ತಪ್ಪಿತಲ್ಲ, ಅಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ.

ಮೇಲುಕೋಟೆಯಲ್ಲಿ ಹಲವು ವರ್ಷ ಇದ್ದ ರಾಮಾನುಜರ ಉದಾಹರಣೆ ನನಗೆ ಇಷ್ಟ. ಜಮೀನಿನ ವ್ಯವಹಾರ ಕಂಡವರಿಗೆಲ್ಲ ತಕ್ಷಣ ಅರ್ಥವಾಗುತ್ತದೆ. ಇಬ್ಬರ ಜಂಟಿ ಸ್ವತ್ತು ಇದೆ. ಒಬ್ಬ ಅದನ್ನು ಮೂರನೆಯವನಿಗೆ ಕೊಡಬೇಕು ಅಂತ ಹೊರಡುತ್ತಾನೆ. ಇನ್ನೊಬ್ಬನ ಒಪ್ಪಿಗೆ ಇಲ್ಲದೆ ಕೊಡಲಿಕ್ಕಾಗದು. ಅವನು ಒಪ್ಪುತ್ತಾನೆ. ಒಪ್ಪಿಗೆ ಇಬ್ಬರದ್ದೂ ಇದ್ದರೂ ಹೊರಟವನು ಮೊದಲನೆಯವನು, ಅದರ ಫಲವೂ ಅವನಿಗೇ. ಹಾಗೆ ನಾವು ಮನಸ್ಸು ಮಾಡುತ್ತೇವೆ, ದೇವರು ಅನುಮತಿ ಕೊಡುತ್ತಾನೆ. ಅವನ ಸಹಿ ಇಲ್ಲದೆ ಕೈಕಾಲು ಅಲ್ಲಾಡದು, ಆದರೆ ಅರ್ಜಿ ನಮ್ಮದು. ಕೆಟ್ಟ ಅರ್ಜಿಗೂ ಅವನು ಯಾಕೆ ಸಹಿ ಹಾಕುತ್ತಾನೆ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೇನೆ. ಕೆಟ್ಟದ್ದಕ್ಕೆ ಸಹಿಯೇ ಬೀಳದಿದ್ದರೆ, ಒಳ್ಳೆಯದನ್ನು ನಾವಾಗಿ ಆರಿಸಿಕೊಂಡೆವು ಅಂತ ಹೇಳುವ ಹಾಗೂ ಇಲ್ಲ.

ಉಡುಪಿ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವರು ಇಷ್ಟಕ್ಕೂ ಬಿಡುವುದಿಲ್ಲ. ಸ್ವತಂತ್ರ ಅಂತ ಇರುವುದು ಒಬ್ಬನೇ, ಉಳಿದದ್ದೆಲ್ಲ ಅವನ ಅಧೀನ. ಹಾಗಂತ ಜೀವ ಏನೂ ಮಾಡುವುದಿಲ್ಲ ಅಂತಲೂ ಅವರು ಹೇಳುವುದಿಲ್ಲ. ಮನೆಯ ಯಜಮಾನ ಹೇಳಿದ ಹಾಗೆ ಬಡಗಿ ಕೆಲಸ ಮಾಡುತ್ತಾನೆ. ಹೇಳಿದವನು ಯಜಮಾನ ನಿಜ, ಉಳಿ ಹಿಡಿದವನು ಬಡಗಿಯೇ. ತಮಾಷೆ ಏನೆಂದರೆ ಬ್ರಹ್ಮಸೂತ್ರದಲ್ಲಿ ಬರುವ ಇದೇ ಬಡಗಿಯನ್ನು ಶಂಕರರು ಬೇರೆ ಥರ ನೋಡುತ್ತಾರೆ. ಉಳಿ ಕೈಯಲ್ಲಿರುವಾಗ ಅವನು ಕೆಲಸಗಾರ, ಕೆಳಗಿಟ್ಟು ಮನೆಗೆ ಹೋದರೆ ಹಾಯಾಗಿರುವ ಮನುಷ್ಯ. ಒಬ್ಬ ಬಡಗಿ, ಎರಡು ಸಿದ್ಧಾಂತ! ಮಧ್ವರ ದಾರಿಗೆ ಬೆಲೆಯೂ ಇದೆ. ಪ್ರತಿ ಜೀವಕ್ಕೂ ಬದಲಾಗದ ಒಂದು ಸ್ವಭಾವ, ಅದರ ಪ್ರಕಾರವೇ ಮುಕ್ತಿ, ಮುಗಿಯದ ಹುಟ್ಟುಸಾವಿನ ಸಂಸಾರ ಅಥವಾ ತಮಸ್ಸು ಎಂಬ ಕತ್ತಲ ನರಕ. ಕೆಲವರಿಗೆ ಬಾಗಿಲು ಯಾವತ್ತೂ ತೆರೆಯುವುದಿಲ್ಲ. ಮಾತಿನಲ್ಲಿ ಬಿರುಕಿಲ್ಲದ ಸಿದ್ಧಾಂತ, ಒಪ್ಪಿಕೊಳ್ಳಲು ನನ್ನ ಎದೆಗೆ ಆಗುವುದಿಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ದೇವರು ತನಗೆ ಗೊತ್ತಿರುವುದನ್ನು ನಮಗೆ ಹೇಳಿಬಿಟ್ಟರೆ? ಬೈಬಲಿನಲ್ಲಿ ಯೋನ ಎಂಬ ಪ್ರವಾದಿ ನಿನೆವೆ ಪಟ್ಟಣಕ್ಕೆ ಹೋಗಿ, ಇನ್ನು 40 ದಿನದಲ್ಲಿ ಊರು ಹಾಳಾಗುತ್ತದೆ ಅಂತ ಸಾರುತ್ತಾನೆ. ಊರವರು ಹೆದರಿ ಗೋಣಿತಟ್ಟು ಉಟ್ಟು ತಿದ್ದಿಕೊಳ್ಳುತ್ತಾರೆ. ಊರು ಉಳಿಯುತ್ತದೆ. ಯೋನನಿಗೆ ಸಿಟ್ಟು ಬರುತ್ತದೆ, ಹೇಳಿದ್ದು ಆಗಲಿಲ್ಲವಲ್ಲ ಅಂತ. ಕರ್ಣನದ್ದು ಇದರ ತದ್ವಿರುದ್ಧ. ಗೆಲ್ಲುವುದು ಪಾಂಡವರೇ ಅಂತ ಅವನಿಗೂ ಗೊತ್ತು, ಕನಸಿನಲ್ಲಿ ಕಂಡಿದ್ದೇನೆ ಅಂತ ಕೃಷ್ಣನಿಗೆ ಅವನೇ ಹೇಳುತ್ತಾನೆ. ಗೊತ್ತಿದ್ದೂ ಅವನು ದುರ್ಯೋಧನನನ್ನು ಬಿಡುವುದಿಲ್ಲ. ಮುಂದಾಗುವುದು ಕಿವಿಗೆ ಬಿದ್ದರೂ ಏನು ಮಾಡಬೇಕು ಅನ್ನುವುದು ನಮ್ಮ ತಲೆಯ ಮೇಲೇ ಇರುತ್ತದೆ. ಇನ್ನು ಕಿವಿಗೇ ಬೀಳದ್ದನ್ನು ನೆಪ ಮಾಡಿಕೊಂಡು ಪುಸ್ತಕ ಮುಚ್ಚುವುದು ಹೇಗೆ? ಹಣೆಬರಹ ಅಂತ ಅದನ್ನು ಹಣೆಯ ಮೇಲೇ ಬರೆದಿದ್ದಾರೆ ನೋಡಿ, ಎದುರಿನವರಿಗೆ ಕಂಡರೂ ಕಾಣಬಹುದು, ಹಣೆಯ ಯಜಮಾನನ ಕಣ್ಣು ಅಲ್ಲಿಗೆ ತಲುಪದು.

ತಾಳಮದ್ದಲೆಯ ಉದಾಹರಣೆಗೂ ಮಿತಿ ಇದೆ, ಒಪ್ಪುತ್ತೇನೆ. ಅಲ್ಲಿ ಕಥೆ ಮೊದಲೇ ಬರೆದಾಗಿದೆ. ಅಜ್ಜ ಏನೇ ಮಾತಾಡಲಿ, ಕರ್ಣ ಪಾಂಡವರ ಕಡೆ ಹೋಗುವ ಹಾಗಿರಲಿಲ್ಲ. ನೀವು ಕೇಳುತ್ತಿರುವುದು ಮಾತಿನ ಸ್ವಾತಂತ್ರ್ಯವನ್ನಲ್ಲ, ಕಥೆಯದ್ದನ್ನೇ. ಅದಕ್ಕೆ ನನ್ನ ಹತ್ತಿರ ಇರುವುದು ಮೇಷ್ಟ್ರ ಮಾತು ಮತ್ತು ಆ ಜಂಟಿ ಸ್ವತ್ತು, ಅಷ್ಟೇ.

ಮಾರನೇ ವರ್ಷ ಅದೇ ಚಾವಡಿಯಲ್ಲಿ ಮತ್ತೆ ಕರ್ಣಭೇದನ ಇಟ್ಟರು. ಅದೇ ಮೇಷ್ಟ್ರು, ಅದೇ ಅಜ್ಜ, ಭಾಗವತರ ಕೈಯಲ್ಲಿ ಅದೇ ಹರಿದ ಪುಸ್ತಕ. ಹುಂಡಿಯ ಮಾತು ಈಗ ಬರುತ್ತದೆ, ಈಗ ಬರುತ್ತದೆ ಅಂತ ನಾನು ನಿದ್ದೆ ತಡೆದುಕೊಂಡು ಕಾದೆ. ಬರಲೇ ಇಲ್ಲ. ಆ ಜಾಗದಲ್ಲಿ ಅಜ್ಜ, ತನ್ನನ್ನು ಸಾಕಿದ ರಾಧೆ ರಾತ್ರಿ ಊಟಕ್ಕೆ ಕಾಯುತ್ತಿರುತ್ತಾಳೆ, ಹೊತ್ತಾಯಿತು, ಇಳಿಸು ಅಂದರು. ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಸೂಟೆಯ ಬೆಳಕಿನಲ್ಲಿ ನಡೆಯುತ್ತ, ಹೋದ ವರ್ಷದ್ದು ಯಾಕೆ ಹೇಳಲಿಲ್ಲ ಅಜ್ಜಾ ಅಂತ ಕೇಳಿದೆ. "ಹೋದ ವರ್ಷ ಏನು ಹೇಳಿದ್ದೆ?" ಅಂದರು.