‘ಆಶ್ರಯ ಕೋರಿದರೆ ಕೆನಡಾದಲ್ಲಿ ಕೆಲಸ’ ಎಂಬ ಮಾತನ್ನು ನಂಬಬಹುದೇ?

ಪ್ರಶ್ನೆ: ಮಗ ಡಿಪ್ಲೊಮಾ ಮುಗಿಸಿದ್ದಾನೆ. ಕೆನಡಾಕ್ಕೆ ಹೋಗಿ ಆಶ್ರಯ ಕೋರಿದರೆ ಕೆಲಸ ಸಿಗುತ್ತದೆ, ವಿಶ್ವಸಂಸ್ಥೆಯ 2018ರ ವಲಸೆ ಒಪ್ಪಂದವಿರುವುದರಿಂದ ವಾಪಸು ಕಳಿಸುವಂತಿಲ್ಲ ಎನ್ನುವ ಏಜೆಂಟರು ಎಂಟು ಲಕ್ಷ ಕೇಳುತ್ತಿದ್ದಾರೆ. ಕೊಡಬಹುದೇ?
– ಓದುಗರು, ಚಿಂತಾಮಣಿ

ಕೊಡಬೇಡಿ. ಗೌರಿಬಿದನೂರು, ಶಿರಾ, ಮುಳಬಾಗಿಲುಗಳಿಂದಲೂ ಇದೇ ಪ್ರಶ್ನೆ ಬರುತ್ತಲೇ ಇರುವುದರಿಂದ ಒಮ್ಮೆ ವಿಸ್ತಾರವಾಗಿ ಬರೆಯುತ್ತೇನೆ. ಪತ್ರದೊಂದಿಗೆ ನೀವು ಲಗತ್ತಿಸಿರುವ ಏಜೆಂಟರ ಕರಡಿನಲ್ಲಿ ‘ಊರಿನಲ್ಲಿ ನನ್ನ ಜೀವಕ್ಕೆ ಅಪಾಯವಿದೆ’ ಎಂಬ ವಾಕ್ಯ ಮೊದಲೇ ಅಚ್ಚಾಗಿದೆ; ಊರಿನ ಹೆಸರಿಗಷ್ಟೇ ಜಾಗ ಖಾಲಿ ಬಿಟ್ಟಿದ್ದಾರೆ. ಇಂತಹ ಸುಳ್ಳಿಗೆ ನಿಮ್ಮ ಮಗ ಸಹಿ ಹಾಕಬೇಕಾಗುತ್ತದೆ, ಏಜೆಂಟರಲ್ಲ.

ನಿರಾಶ್ರಿತರ ಕುರಿತ ವಿಶ್ವಸಂಸ್ಥೆಯ 1951ರ ಒಡಂಬಡಿಕೆಯ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳಕ್ಕೆ ಒಳಗಾಗುವ ಸಕಾರಣ ಭಯದಿಂದ ದೇಶದ ಹೊರಗಿರುವವರು ನಿರಾಶ್ರಿತರು. ಕೆಲಸವಿಲ್ಲದಿರುವುದು, ಕೊಳವೆಬಾವಿ ಬತ್ತಿರುವುದು ದೊಡ್ಡ ಕಷ್ಟಗಳೇ, ಆದರೆ ಆ ಪಟ್ಟಿಯಲ್ಲಿಲ್ಲ. ಅರ್ಜಿ ಇತ್ಯರ್ಥವಾಗುವವರೆಗೆ ಕೆಲಸದ ಪರವಾನಗಿ ಸಿಗುವುದುಂಟು. ಏಜೆಂಟರ ಮಾತಿನಲ್ಲಿ ಸತ್ಯವಿರುವುದು ಅಷ್ಟರಮಟ್ಟಿಗೆ ಮಾತ್ರ. ಅರ್ಜಿ ತಿರಸ್ಕೃತವಾದರೆ ಪರವಾನಗಿಯೂ ಹೋಗುತ್ತದೆ, ಸುಳ್ಳು ಹೇಳಿಕೆ ಕಡತದಲ್ಲಿ ಉಳಿಯುತ್ತದೆ.

ಇನ್ನು 2018ರ ಒಪ್ಪಂದ. ಮಹಾಸಭೆಯಲ್ಲಿ ಭಾರತವೂ ಸೇರಿ 152 ದೇಶಗಳು ಅದರ ಪರವಾಗಿ, 5 ದೇಶಗಳು ವಿರುದ್ಧವಾಗಿ ಮತ ಹಾಕಿದವು ಎಂಬುದು ನಿಜ. ಆದರೆ ಅದು ಯಾವ ದೇಶವನ್ನೂ ಕಾನೂನಿನಿಂದ ಕಟ್ಟಿಹಾಕುವುದಿಲ್ಲ, ಯಾರಿಗೂ ವೀಸಾ ಕೊಡುವುದಿಲ್ಲ. ಅದರ 23 ಉದ್ದೇಶಗಳಲ್ಲಿ 21ನೆಯದು ವಲಸಿಗರ ವಾಪಸಾತಿಗೆ ದೇಶಗಳು ಪರಸ್ಪರ ಸಹಕರಿಸಬೇಕೆಂದೇ ಹೇಳುತ್ತದೆ! 2022ರಲ್ಲಿ ಭಾರತ ಜರ್ಮನಿಯೊಂದಿಗೆ ಮಾಡಿಕೊಂಡ ಒಪ್ಪಂದವೂ ವಿದ್ಯಾರ್ಥಿಗಳಿಗೆ, ನುರಿತ ಕೆಲಸಗಾರರಿಗೆ ದಾರಿ ಸುಗಮ ಮಾಡುವುದರ ಜೊತೆಗೆ ಅಕ್ರಮವಾಗಿ ಉಳಿದವರನ್ನು ಮರಳಿ ಕರೆಸಿಕೊಳ್ಳುವ ವಿಷಯವನ್ನೂ ಒಳಗೊಂಡಿದೆ. 2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಹೊತ್ತ ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿದದ್ದನ್ನು ನೀವೂ ಟಿವಿಯಲ್ಲಿ ನೋಡಿರಬೇಕು.

ನಿಮಗೆ ಉಪಯೋಗವಾಗುವುದು ಅದೇ ಒಪ್ಪಂದದ 6ನೇ ಉದ್ದೇಶ, ಅಂದರೆ ನ್ಯಾಯಯುತ ನೇಮಕಾತಿ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ನಿಯಮದಂತೆ ಪರವಾನಗಿ ಪಡೆದ ನೇಮಕಾತಿ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ನೋಂದಣಿಯನ್ನು ನೀವೇ ಪರಿಶೀಲಿಸಿ. ಗೋಡೆಗೆ ತೂಗುಹಾಕಿದ ಪ್ರಮಾಣಪತ್ರವನ್ನು ನೋಡಿ ಮರುಳಾಗಬೇಡಿ.

ಪ್ರಶ್ನೆ: ಭಾರತ 1951ರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಹಾಗಾದರೆ ಇಲ್ಲಿ ನಿರಾಶ್ರಿತರೇ ಇಲ್ಲವೇ?
– ತುಮಕೂರು

ಟಿಬೆಟಿನ ನಿರಾಶ್ರಿತರು ನೆಲೆಸಿರುವ ಬೈಲಕುಪ್ಪೆಗೆ ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ: ಬರದಿಂದ ಬೆಂಗಳೂರು ಸೇರಿದ ನಮ್ಮ ಪಾವಗಡದವರೂ ನಿರಾಶ್ರಿತರಲ್ಲವೇ?

ಅಲ್ಲ, ದೇಶದ ಗಡಿ ದಾಟದವರು ಆ ವ್ಯಾಖ್ಯೆಗೆ ಬರುವುದಿಲ್ಲ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಪಾಸಾಗದ ತಮ್ಮನನ್ನು ಕೆಲಸಕ್ಕೆಂದು ಪ್ರವಾಸಿ ವೀಸಾದಲ್ಲಿ ಸೌದಿಗೆ ಕಳಿಸಬಹುದೇ?
– ಬಂಗಾರಪೇಟೆ

ಖಂಡಿತ ಬೇಡ. ಅವರದು ಇಸಿಆರ್ (ವಲಸೆ ತಪಾಸಣೆ ಅಗತ್ಯವಿರುವ) ಪಾಸ್‌ಪೋರ್ಟ್ ಆಗಿದ್ದರೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು. ಆ ಅನುಮತಿಗಾಗಿ ಮಾಡಿಸಲೇಬೇಕಾದ 10 ಲಕ್ಷ ರೂಪಾಯಿಯ ವಿಮೆ ಕಳ್ಳದಾರಿಯಲ್ಲಿ ಹೋದವರಿಗೆ ಇರುವುದಿಲ್ಲ.