ಮದುವೆಗೆ ಮೊದಲು ಮಾಡಿಕೊಂಡ ಆಸ್ತಿ ಕರಾರು ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ?

ಉಡುಪಿಯಲ್ಲಿ ನಿಶ್ಚಿತಾರ್ಥ ಮುಗಿಸಿರುವ ತಾವು, ಮದುವೆಗೆ ಮುಂಚೆ ಛಾಪಾ ಕಾಗದದಲ್ಲಿ ಬರೆಸಿದ ಕರಾರು ಮುಂದೆ ಊರ್ಜಿತವಾಗುತ್ತದೆಯೇ, ಇಲ್ಲವಾದರೆ ಬೇರೆ ದಾರಿ ಏನು ಎಂದು ಕೇಳಿದ್ದೀರಿ.

ಪೂರ್ತಿಯಾಗಿ ಅದನ್ನೇ ನಂಬಿಕೊಳ್ಳಬೇಡಿ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಇಂಥ ಕರಾರಿಗೆ ಪ್ರತ್ಯೇಕ ಅವಕಾಶವಿಲ್ಲ. ವಿಚ್ಛೇದನವಾದರೆ ಜೀವನಾಂಶ ಕೇಳುವುದಿಲ್ಲ ಎಂಬಂಥ ಷರತ್ತಿಗೆ ಹೆಂಡತಿಯೇ ಸಹಿ ಹಾಕಿದ್ದರೂ, ಅದು ಸಾರ್ವಜನಿಕ ನೀತಿಗೆ ವಿರುದ್ಧವೆಂದು ಕರಾರು ಕಾಯ್ದೆಯ 23ನೇ ಕಲಮಿನಡಿ ಬಿದ್ದುಹೋಗುವ ಸಂಭವವೇ ಹೆಚ್ಚು, ಮತ್ತು ಹಾಗೆ ಬೀಳುವುದು ನ್ಯಾಯವೇ ಎಂಬುದು ನನ್ನ ದೃಢ ಅಭಿಪ್ರಾಯ.

ಎಲ್ಲರಿಗೂ ಒಂದೇ ಕಾನೂನಿಲ್ಲ ಎಂಬುದನ್ನೂ ಗಮನಿಸಬೇಕು. ಮಂಗಳೂರಿನ ಕ್ರೈಸ್ತ ದಂಪತಿಗಳಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯ 40ನೇ ಕಲಮು, ವಿವಾಹಪೂರ್ವ ಮತ್ತು ವಿವಾಹೋತ್ತರ ಆಸ್ತಿ ವ್ಯವಸ್ಥೆಗಳನ್ನು ಪರಿಶೀಲಿಸಿ ಆದೇಶ ನೀಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಬ್ಯಾರಿ ಕುಟುಂಬಗಳ ನಿಕಾಹ್‌ನಲ್ಲಿ ಗೊತ್ತುಪಡಿಸುವ ಮಹರ್ (ವರನು ವಧುವಿಗೆ ಕೊಡಬೇಕಾದ ಹಣ ಅಥವಾ ಆಸ್ತಿ) ಕೂಡ ವಸೂಲು ಮಾಡಬಹುದಾದ ಹಕ್ಕೇ.

ಕರಾರಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ದಾಖಲೆ. ಯಾವ ಸರ ಎಷ್ಟು ಪವನ್, ಅದರ ಅಂದಾಜು ಬೆಲೆಯೇನು, ಕೊಟ್ಟವರು ಯಾರು, ಅವರ ಸಂಬಂಧವೇನು ಎಂಬ ಉಡುಗೊರೆ ಪಟ್ಟಿಯನ್ನು ಮದುವೆಯ ಸಮಯದಲ್ಲೇ ಬರೆದು ವಧೂವರರಿಬ್ಬರೂ ಸಹಿ ಹಾಕಬೇಕೆಂದು ವರದಕ್ಷಿಣೆ ನಿಷೇಧ ಕಾಯ್ದೆಯಡಿಯ 1985ರ ನಿಯಮಗಳೇ ಹೇಳುತ್ತವೆ. ಅನೇಕ ಮನೆಗಳಲ್ಲಿ ಇದನ್ನು ಅಪಶಕುನವೆಂಬಂತೆ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ, ಏಕೆಂದರೆ ಸ್ತ್ರೀಧನ ಯಾರದೆಂಬ ತಕರಾರಿನಲ್ಲಿ ಆ ಹಾಳೆಯೇ ಬಲವಾದ ಸಾಕ್ಷಿ. ಮದುವೆಯ ನಂತರ ಮಣಿಪಾಲದಲ್ಲಿ ಫ್ಲ್ಯಾಟ್ ಕೊಂಡರೆ ಕ್ರಯಪತ್ರದಲ್ಲಿ ಇಬ್ಬರ ಹೆಸರನ್ನೂ ಪಾಲಿನ ಪ್ರಮಾಣವನ್ನೂ ಬರೆಸಿ. ಒಬ್ಬರ ಸ್ಥಿರಾಸ್ತಿಯನ್ನು ಇನ್ನೊಬ್ಬರಿಗೆ ಕೊಡುವುದಿದ್ದರೆ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಿದ ದಾನಪತ್ರವೇ ಬೇಕು.