ಹೆಂಚು ಇಳಿಸಿದ ಮೇಲೆ ಏರಿದ ಬಿಲ್ಲು

ಪ್ರಶ್ನೆ: ಚಿಕ್ಕಮಗಳೂರಿನ ನಮ್ಮ ಹಳೆಯ ಹೆಂಚಿನ ಮನೆಯ ಚಾವಣಿ ದುರಸ್ತಿ ಮತ್ತು ಬಣ್ಣದ ಕೆಲಸವನ್ನು ಗುತ್ತಿಗೆದಾರರೊಬ್ಬರಿಗೆ 3,20,000 ರೂಪಾಯಿಗೆ ವಹಿಸಿದ್ದೆವು. ಒಂದು ಹಾಳೆಯ ಎಸ್ಟಿಮೇಟ್ ಬಿಟ್ಟರೆ ಬೇರೆ ಕರಾರಿಲ್ಲ. ಈಗ ಹೆಂಚಿನಡಿಯ ಮರದ ಪಕಾಸಿ (ಇಳಿಜಾರು ತೊಲೆ), ರೀಪು (ಅಡ್ಡಪಟ್ಟಿ) ಬದಲಿಸಿದ್ದಕ್ಕೆ 48,000, ಬಣ್ಣದ ಅಳತೆ ಹೆಚ್ಚಾಯಿತೆಂದು 25,000, ಒಟ್ಟಿನ ಮೇಲೆ ಶೇ. 18ರಂತೆ ಜಿಎಸ್‌ಟಿ 70,740 ಸೇರಿಸಿ 4,63,740 ರೂಪಾಯಿ ಕೇಳುತ್ತಿದ್ದಾರೆ. 2,75,000 ಕೊಟ್ಟಾಗಿದೆ. ಉಳಿದದ್ದನ್ನೆಲ್ಲ ಕೊಡಲೇಬೇಕೆ?
— ಓದುಗರು, ಚಿಕ್ಕಮಗಳೂರು

ಉತ್ತರ: ಎಲ್ಲವನ್ನೂ ಕೊಡಬೇಕಿಲ್ಲ; ಆದರೆ ಏನನ್ನೂ ಕೊಡುವುದಿಲ್ಲವೆಂದು ಕೂರುವುದೂ ಸರಿಯಲ್ಲ. ಒಪ್ಪಿದ ಮೊತ್ತದಲ್ಲಿ ಬಾಕಿ ಇರುವುದು 45,000. ಕೆಲಸದಲ್ಲಿ ದೋಷವಿಲ್ಲದಿದ್ದರೆ ಅದನ್ನು ಬ್ಯಾಂಕ್ ಮೂಲಕ ಈಗಲೇ ಸಂದಾಯ ಮಾಡಿ, ಉಳಿದ ಮೂರು ಬಾಬ್ತುಗಳ ಬಗ್ಗೆ ತಕರಾರಿದೆ ಎಂದು ಪತ್ರದಲ್ಲಿ ತಿಳಿಸಿ.

ಮರದ ವಿಷಯದಲ್ಲಿ ನನ್ನ ಒಲವು ಗುತ್ತಿಗೆದಾರರ ಕಡೆಗಿದೆ. ಮಲೆನಾಡಿನ ಮಳೆಯಲ್ಲಿ ನೆನೆದ ಪಕಾಸಿ ಎಷ್ಟು ಕುಂಬಾಗಿದೆ ಎಂಬುದು ಹೆಂಚು ಇಳಿಸುವವರೆಗೆ ಯಾರಿಗೂ ಕಾಣುವುದಿಲ್ಲ. ಬದಲಿಸುವುದನ್ನು ನೀವು ಕಣ್ಣಾರೆ ನೋಡಿ ಬೇಡವೆನ್ನದೆ ಇದ್ದಿರಾದರೆ, ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿದ ಕೆಲಸದ ಪ್ರಯೋಜನ ಪಡೆದವರು ಅದಕ್ಕೆ ಪ್ರತಿಫಲ ಕೊಡಬೇಕೆನ್ನುವ 1872ರ ಕರಾರು ಅಧಿನಿಯಮದ 70ನೇ ಕಲಂ ನಿಮಗೂ ಅನ್ವಯಿಸೀತು. ಆದರೆ ಕೊಡಬೇಕಾದದ್ದು ನ್ಯಾಯವಾದ ಬೆಲೆಯನ್ನೇ ಹೊರತು ಕೇಳಿದಷ್ಟನ್ನಲ್ಲ. ಮರ ಎಷ್ಟು ಘನ ಅಡಿ, ಯಾವ ಜಾತಿಯದು, ಡಿಪೋ ರಸೀದಿ ಎಲ್ಲಿ, ಬಡಗಿಯ ಕೂಲಿ ಎಷ್ಟು ಎಂದು ವಿವರ ಕೇಳಿ. ತೆಗೆದ ಹಳೆಯ ಮರ ಅಂಗಳದಲ್ಲೇ ಇದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ. ಎಷ್ಟು ಬದಲಾಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ಬಣ್ಣಕ್ಕೆ ಎಸ್ಟಿಮೇಟಿನಲ್ಲಿ ಒಟ್ಟು ಮೊತ್ತ ಬರೆದಿದ್ದರೆ ಅಳತೆಯ ಮಾತೇ ಬರುವುದಿಲ್ಲ. ಚದರ ಅಡಿಯ ದರವಿದ್ದರೆ ಇಬ್ಬರೂ ಒಟ್ಟಿಗೆ ಟೇಪು ಹಿಡಿದು ಅಳೆಯಿರಿ. ಹನ್ನೆರಡಕ್ಕೆ ಹತ್ತಡಿಯ, ಹತ್ತಡಿ ಎತ್ತರದ ಕೋಣೆಯ ಗೋಡೆಗಳು 440 ಚದರ ಅಡಿಯಾಗುತ್ತವೆ. ಬಾಗಿಲು, ಕಿಟಕಿಗಳನ್ನು ಕಳೆದಿದ್ದಾರೆಯೇ ಎಂಬಲ್ಲಿಯೇ ಸಾಮಾನ್ಯವಾಗಿ ಜಗಳವಿರುತ್ತದೆ.

ಜಿಎಸ್‌ಟಿಯಲ್ಲಿ ಮಾತ್ರ ಬಿಟ್ಟುಕೊಡಬೇಡಿ. ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವಂತಿಲ್ಲ. ಸಣ್ಣ ವಹಿವಾಟುದಾರರು ಕಡಿಮೆ ದರದ ತೆರಿಗೆಯನ್ನು ತಾವೇ ಕಟ್ಟುವ ಕಾಂಪೊಸಿಷನ್ ಪದ್ಧತಿಯಲ್ಲಿರುವವರೂ ಗ್ರಾಹಕರಿಂದ ಅದನ್ನು ಪಡೆಯುವಂತಿಲ್ಲ. ಬಿಲ್ಲಿನಲ್ಲಿ 15 ಅಂಕಿ-ಅಕ್ಷರಗಳ ನೋಂದಣಿ ಸಂಖ್ಯೆ ಇದ್ದರೆ ಜಿಎಸ್‌ಟಿ ಜಾಲತಾಣದಲ್ಲಿ ಪರಿಶೀಲಿಸಿ. ಸಂಖ್ಯೆ ಸರಿಯಿದ್ದರೂ, ಒಪ್ಪಿದ ದರದಲ್ಲಿ ತೆರಿಗೆ ಸೇರಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ.

ಮಾತಿನಲ್ಲಿ ಬಗೆಹರಿಯದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಒಪ್ಪಿದ್ದಕ್ಕಿಂತ ಹೆಚ್ಚು ಹಣ ವಸೂಲು ಮಾಡುವುದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ದೂರಿಗೆ ಕಾರಣವಾಗುತ್ತದೆ. ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಇತ್ತ ಗುತ್ತಿಗೆದಾರರಿಗೂ ಬಾಕಿಗಾಗಿ ಸಿವಿಲ್ ದಾವೆ ಹೂಡಲು ಮೂರು ವರ್ಷಗಳ ಅವಕಾಶವಿರುವುದರಿಂದ, ಅವರ ಫೋನ್ ಎತ್ತದೆ ದಿನ ದೂಡಬೇಡಿ.